ಬಿಸಿಯಾದ ಮೇಲೆ ನಿಲ್ಲುವ ಮಿನಿ: ಕಿಡಿಯೋ, ಪೆಟ್ರೋಲೋ?

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಜೇನುಹುಳದಂತೆ ಗುಂಯ್‌ಗುಟ್ಟುತ್ತ ಓಡುತ್ತದೆ. ಇಪ್ಪತ್ತನೆಯ ನಿಮಿಷಕ್ಕೆ ಒಂದು ಸಣ್ಣ ಮುಗ್ಗರಿಕೆ, ಹಿಂದೆಯೇ ಇನ್ನೊಂದು, ಆಮೇಲೆ ಸದ್ದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಒಮ್ಮೆಯೂ ಕೆಮ್ಮುವುದಿಲ್ಲ. ಹಲ್ಲುನೋವು ವೈದ್ಯರ ಬಾಗಿಲಲ್ಲಿ ಮಾಯವಾಗುವ ಹಾಗೆ.

ನನ್ನ 998 ಸಿಸಿ ಮಿನಿ ಕಾರು ಎರಡು ತಿಂಗಳು ಇದೇ ಆಟ ಆಡಿಸಿತು. ಆ ಎರಡು ತಿಂಗಳಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿ ತೊಳೆದೆ, ಪೆಟ್ರೋಲ್ ಪಂಪ್ ಬದಲಿಸಿದೆ, ಪ್ಲಗ್‌ಗಳನ್ನು ಎರಡು ಸಲ ಹೊಸದಾಗಿ ಹಾಕಿದೆ. ದೋಷ ಅವುಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಮುಂದೆ ಬರೆದಿರುವುದು, ಆ ಎರಡು ತಿಂಗಳನ್ನು ಅರ್ಧ ದಿನಕ್ಕೆ ಇಳಿಸಬಹುದಾಗಿದ್ದ ಕ್ರಮ. ಹೇಳುತ್ತಿರುವುದು 1959ರಿಂದ 2000ದವರೆಗೆ ತಯಾರಾದ ಹಳೆಯ ಮಿನಿಯ ಬಗ್ಗೆ. ಆದರೆ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಡಬ್ಬಿ), ಪಾಯಿಂಟ್ (ಆ ಕಾಯಿಲ್‌ನ ವಿದ್ಯುತ್ತನ್ನು ಕತ್ತರಿಸಿ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್), ಕಾರ್ಬ್ಯುರೇಟರ್ ಇರುವ ಯಾವ ಹಳೆಯ ಪುಟ್ಟ ಕಾರಿಗೂ ಇದರ ಬಹುಭಾಗ ಒಗ್ಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜಾತಿಯ ದೋಷ ಕೈಗೆ ಸಿಗುವುದು ಎಂಜಿನ್ ನಿಂತ ಮೇಲಿನ ನಾಲ್ಕೈದು ನಿಮಿಷ ಮಾತ್ರ. ತಣ್ಣಗಾದ ಎಂಜಿನ್ ಮುಂದೆ ಕುಳಿತು ಮಾಡುವ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ವ್ಯರ್ಥ. ಆದ್ದರಿಂದ ಸಲಕರಣೆಗಳು ಕಾರಿನಲ್ಲೇ ಇರಬೇಕು, ಮತ್ತು ನಿಂತ ಕೂಡಲೇ ಏನು ಮಾಡಬೇಕೆಂಬುದು ಬಾಯಿಪಾಠ ಆಗಿರಬೇಕು.

ಮುಂದೆ ನೆನೆಯುತ್ತದೆ, ಹಿಂದೆ ಬೇಯುತ್ತದೆ

10 ಅಡಿ, ಅಂದರೆ 3.05 ಮೀಟರ್ ಉದ್ದದ ಕಾರಿನಲ್ಲಿ ನಾಲ್ವರನ್ನು ಕೂರಿಸಬೇಕಾದ್ದರಿಂದ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ಇಟ್ಟರು, ಗೇರ್‌ಬಾಕ್ಸನ್ನು ಅದರ ಅಡಿಯ ಎಣ್ಣೆತೊಟ್ಟಿಯೊಳಗೇ ಸೇರಿಸಿದರು, ರೇಡಿಯೇಟರನ್ನು ಪಕ್ಕಕ್ಕೆ ತಳ್ಳಿದರು. ಜಾಗ ಉಳಿಯಿತು. ಆದರೆ ಬಾನೆಟ್ ಅಡಿಯಲ್ಲಿ ಗಾಳಿಗೆ ಅಲೆದಾಡಲು ಎಡೆಯಿಲ್ಲ. ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಮುಂಭಾಗದ ಜಾಲರಿಯ ಬೆನ್ನಿಗೇ ಇದೆ, ಮಳೆನೀರು ಮೊದಲು ಬಡಿಯುವುದು ಅದಕ್ಕೆ. ಕಾರ್ಬ್ಯುರೇಟರೂ ಎಕ್ಸಾಸ್ಟ್ ಕೊಳವೆಗಳೂ ಹಿಂದುಗಡೆ, ಕ್ಯಾಬಿನ್ ಗೋಡೆಯ ಕಡೆ, ಒಂದರ ಮೇಲೊಂದು ಕೂತಿವೆ. ಈ ನಕ್ಷೆ ತಲೆಯಲ್ಲಿದ್ದರೆ ಮಿನಿಯ ಅರ್ಧ ಕಾಯಿಲೆಗಳು ತಾವಾಗಿಯೇ ಅರ್ಥವಾಗುತ್ತವೆ.

ಮಳೆಯಲ್ಲಿ ಅಥವಾ ನೀರಿನ ಗುಂಡಿ ದಾಟಿದ ಮೇಲೆ ಮಾತ್ರ ನಿಲ್ಲುತ್ತದೆಯೇ? ಹಾಗಾದರೆ ಇಡೀ ಬರಹ ಓದಬೇಕಾಗಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗೂ ಹೊರಗೂ ಒರೆಸಿ. ಮುಚ್ಚಳದ ಒಳಗೋಡೆಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಕಿಡಿ ಓಡಾಡಿದ ಹಾದಿ; ಮುಚ್ಚಳವನ್ನೇ ಬದಲಿಸಿ. ತಂತಿಗಳ ರಬ್ಬರ್ ಟೋಪಿಗಳು ಬಿಗಿಯಾಗಿವೆಯೇ ನೋಡಿ, ಜಾಲರಿಯ ಹಿಂದೆ ನೀರುತಡೆ ಹಲಗೆ ಇಲ್ಲದಿದ್ದರೆ ಹಾಕಿ. ಮುಗಿಯಿತು.

ಈಚೆಗೆ ಏನು ಬದಲಾಯಿತು?

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಹಾಳೆ ಹಿಡಿಯಿರಿ. ಕಾರಿಗೆ ಕಳೆದ ಒಂದು ವರ್ಷದಲ್ಲಿ ಹಾಕಿದ, ತೆಗೆದ, ಕತ್ತರಿಸಿದ, ಬೆಸೆದ ಎಲ್ಲವನ್ನೂ ಬರೆಯಿರಿ. ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿನಲ್ಲಿ ದೋಷ ಸವೆತದಿಂದ ಬರುತ್ತದೆ. ಮಾರ್ಪಡಿಸಿದ ಕಾರಿನಲ್ಲಿ ಹೆಚ್ಚಾಗಿ ಮಾರ್ಪಾಡಿನಿಂದಲೇ ಬರುತ್ತದೆ. ನಾವು ಪ್ರೀತಿಯಿಂದ ಹಾಕಿದ ಭಾಗವನ್ನು ನಾವು ಶಂಕಿಸುವುದಿಲ್ಲ, ಅಷ್ಟೇ.

ನನ್ನ ಪಟ್ಟಿ ಹೀಗಿತ್ತು: ಪಾಯಿಂಟ್‌ಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್, ಹೆಚ್ಚು ಬಲದ ಕಿಡಿ ಕೊಡುತ್ತದೆಂದು ಹಾಕಿದ ಸ್ಪೋರ್ಟ್ಸ್ ಕಾಯಿಲ್, ಉದ್ದ ಕವಲುಗಳ ಎಕ್ಸಾಸ್ಟ್, ಪಾರದರ್ಶಕ ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರ್, ಮುಂದೆ ನಾಲ್ಕು ಹೆಚ್ಚುವರಿ ದೀಪ. ದೀಪಗಳ ಮೋಹಕ್ಕೆ ಕಾರಣ ಗೊತ್ತಿರುವುದೇ. 1964, 1965 ಮತ್ತು 1967ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ಮಿನಿ ಕೂಪರ್ ಎಸ್ ಕಾರುಗಳ ಚಿತ್ರ ನೋಡಿದವನಿಗೆ ಬರಿಯ ಎರಡು ದೀಪದ ಮಿನಿ ಬೋಳು ಹಣೆಯಂತೆ ಕಾಣುತ್ತದೆ. 1966ರಲ್ಲಿ ಅವೇ ಕಾರುಗಳನ್ನು ಅನರ್ಹಗೊಳಿಸಿದ್ದೂ ದೀಪಗಳ ನೆಪದಲ್ಲೇ ಎಂಬುದನ್ನು ನಾನು ಆಗ ನೆನಪಿಸಿಕೊಳ್ಳಬೇಕಿತ್ತು. 55 ವ್ಯಾಟ್‌ನ ನಾಲ್ಕು ದೀಪ ಹೊತ್ತಿಸಿದರೆ ಸುಮಾರು 18 ಆಂಪಿಯರ್ ಬೇಕು. ಡೈನಮೊ ಇರುವ ಹಳೆಯ ಮಿನಿಯಲ್ಲಿ ಆ ಡೈನಮೊ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. ಹೆಡ್‌ಲೈಟ್, ವೈಪರ್, ಕಿಡಿ ಎಲ್ಲವೂ ಉಳಿದ ನಾಲ್ಕರಲ್ಲಿ ಸಂಸಾರ ಮಾಡಬೇಕು. ರಾತ್ರಿ ಮಾತ್ರ ಮುಗ್ಗರಿಸುವ ಕಾರಾದರೆ ದೀಪ ಆರಿಸಿ ಓಡಿಸಿ ನೋಡಿ, ಉತ್ತರ ಅಲ್ಲೇ ಸಿಗಬಹುದು. ನನ್ನ ಕಾರು ಹಗಲಲ್ಲೂ ನಿಲ್ಲುತ್ತಿತ್ತು.

ನಿಲ್ಲುವ ಬಗೆಯೇ ಅರ್ಧ ಸಾಕ್ಷಿ

ಕಿಡಿ ಕೈಕೊಟ್ಟ ಎಂಜಿನ್ ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಇದ್ದರೆ ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಅದರ ಮುಳ್ಳು ಸೊನ್ನೆಗೆ ಬೀಳಬಹುದು. ಪೆಟ್ರೋಲ್ ಸಾಲದ ಎಂಜಿನ್ ಹಾಗಲ್ಲ. ಅದು ಉಸಿರು ಸಾಲದವನಂತೆ ಏದುತ್ತದೆ, ಎಳೆತ ಕಡಿಮೆಯಾಗುತ್ತದೆ, ಚೋಕ್ (ಪೆಟ್ರೋಲಿನ ಪಾಲು ಹೆಚ್ಚಿಸುವ ಹಿಡಿ) ಎಳೆದರೆ ಒಂದೆರಡು ಕ್ಷಣ ಚೇತರಿಸಿಕೊಳ್ಳುತ್ತದೆ, ಆಮೇಲೆ ಸೋಲುತ್ತದೆ. ಚೋಕ್ ಎಳೆದಾಗ ಚೇತರಿಸಿಕೊಂಡಿತೆಂದರೆ ಪೆಟ್ರೋಲ್ ಕಡೆ ವಾಲಿ. ಏನೂ ವ್ಯತ್ಯಾಸವಾಗಲಿಲ್ಲವೆಂದರೆ ಕಿಡಿಯ ಕಡೆ.

ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ. ಪೆಟ್ರೋಲ್ ಕುದಿದು ಆವಿಯಾಗುವ ತೊಂದರೆ ಸಾಮಾನ್ಯವಾಗಿ ಆಮೆಗತಿಯ ದಟ್ಟಣೆಯಲ್ಲಿ, ಇಲ್ಲವೇ ಬಿಸಿ ಎಂಜಿನ್ನನ್ನು ಹತ್ತು ನಿಮಿಷ ಆರಿಸಿ ಮತ್ತೆ ಹೊರಟಾಗ ಕಾಡುತ್ತದೆ. ಗಾಳಿ ಸಿಗುವ ತೆರೆದ ರಸ್ತೆಯಲ್ಲಿ, ಸಮ ವೇಗದಲ್ಲಿ ಹೋಗುತ್ತಿರುವಾಗಲೂ ನಿಂತರೆ ಆವಿಯ ಮೇಲೆ ಆರೋಪ ಹೊರಿಸುವುದು ಕಷ್ಟ. ನನ್ನದು ತೆರೆದ ರಸ್ತೆಯಲ್ಲೇ ನಿಲ್ಲುತ್ತಿತ್ತು. ಆದರೂ ನಾನು ಪಂಪ್ ಬದಲಿಸಿದೆ, ಯಾಕೆಂದರೆ ಪಂಪ್ ಬದಲಿಸುವುದು ನನಗೆ ಗೊತ್ತಿತ್ತು.

ಇದಕ್ಕಿಂತ ಖಚಿತವಾದ ಸಾಕ್ಷಿ ಬೇಕೆಂದರೆ ಪ್ರತಿ ಕಿಡಿಗೂ ಮಿನುಗುವ ಟೈಮಿಂಗ್ ಲೈಟ್ ಬಳಸಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ನಡುವಿಗೆ ಹೋಗುವ ದಪ್ಪ ತಂತಿಗೆ ಅದರ ಕ್ಲಿಪ್ ಸಿಕ್ಕಿಸಿ. ಮಿನಿಯ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿರುವುದರಿಂದ ಲೈಟಿಗೆ ಬೇಕಾದ ವಿದ್ಯುತ್ತನ್ನು, ಸ್ಟಾರ್ಟರ್‌ಗೆ ವಿದ್ಯುತ್ ಬಿಡುವ ಸ್ವಿಚ್ ಆದ ಸೊಲೆನಾಯ್ಡ್‌ನ ದಪ್ಪ ತುದಿಯಿಂದ, ನಡುವೆ ಫ್ಯೂಸ್ ಇಟ್ಟು, ತೆಗೆದುಕೊಳ್ಳಿ. ಬಾನೆಟ್ ಹಿಂಭಾಗದ ಸಂದಿನಿಂದ ತಂತಿ ಹೊರತಂದು ಲೈಟನ್ನು ವಿಂಡ್‌ಸ್ಕ್ರೀನ್ ಮೂಲೆಗೆ ಟೇಪ್ ಹಾಕಿ ಅಂಟಿಸಿ. ದಾರಿ ಮರೆಯಾಗಬಾರದು, ತಂತಿ ಫ್ಯಾನಿಗೂ ಎಕ್ಸಾಸ್ಟಿಗೂ ತಾಗಬಾರದು. ಮಿನುಗುವ ಬೆಳಕನ್ನು ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ. ಎಂಜಿನ್ ಮುಗ್ಗರಿಸಿದ ಕ್ಷಣದಲ್ಲೇ ಮಿನುಗು ತಪ್ಪಿದರೆ ಕಿಡಿ ಹೋಗಿದೆ. ಮಿನುಗು ಕ್ರಮವಾಗಿಯೇ ಇದ್ದು ಎಂಜಿನ್ ಸೋತರೆ ಪೆಟ್ರೋಲ್, ಇಲ್ಲವೇ ಡಿಸ್ಟ್ರಿಬ್ಯೂಟರ್‌ನಿಂದ ಆಚೆಗಿನ ಸೋರಿಕೆ.

ನಾನು ಈ ಪರೀಕ್ಷೆಗೆ ಬಂದದ್ದು ಎರಡು ತಿಂಗಳ ನಂತರ. ಹದಿನೆಂಟನೆಯ ನಿಮಿಷಕ್ಕೆ ಲೈಟ್ ಒಮ್ಮೆ ಕಣ್ಣು ಮುಚ್ಚಿತು. ಕಾರು ಜಗ್ಗಿತು. ಮತ್ತೆ ನಾಲ್ಕೈದು ಮಿನುಗು, ಮತ್ತೆ ಕತ್ತಲೆ. ಕಾರು ಇನ್ನೂ ಉರುಳುತ್ತಿತ್ತು, ಎಂಜಿನ್ ತಿರುಗುತ್ತಲೇ ಇತ್ತು, ಲೈಟ್ ಮಾತ್ರ ಪೂರಾ ಆರಿತ್ತು. ಮೂರು ಸಲ ತೊಳೆಸಿಕೊಂಡ ಕಾರ್ಬ್ಯುರೇಟರ್‌ಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ನಿಂತ ಮೇಲಿನ ನಾಲ್ಕು ನಿಮಿಷ

ಕಾರನ್ನು ರಸ್ತೆಯಿಂದ ಪೂರ್ತಿ ಬದಿಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಇಗ್ನಿಷನ್ ಆರಿಸಿ. ಆರಿಸುವುದು ಮುಖ್ಯ. ಎಂಜಿನ್ ನಿಂತಾಗ ಪಾಯಿಂಟ್‌ಗಳು ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಮೂಲಕ ವಿದ್ಯುತ್ ಎಡೆಬಿಡದೆ ಹರಿಯುತ್ತಿರುತ್ತದೆ. ಕೀಲಿ ತಿರುಗಿಸಿಟ್ಟು ಯೋಚಿಸುತ್ತ ನಿಂತರೆ ಇಲ್ಲದ ದೋಷವನ್ನೂ ನೀವೇ ಹುಟ್ಟಿಸುತ್ತೀರಿ.

ಮೊದಲು ಡಿಕ್ಕಿಯ ಪಕ್ಕ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನಿಧಾನವಾಗಿ ತೆಗೆಯಿರಿ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಏರ್ಪಟ್ಟು ಪಂಪ್ ಸೋಲುತ್ತದೆ. ನಿಂತು ಕಾದರೆ ಗಾಳಿ ಹೇಗೋ ನುಸುಳಿ ಕಾರು ಮತ್ತೆ ಹೊರಡುತ್ತದೆ, ನಾವು ‘ತಣ್ಣಗಾಯಿತು, ಸರಿಹೋಯಿತು’ ಎಂದುಕೊಳ್ಳುತ್ತೇವೆ. ಹೊಳೆಯುವ ಹೊಸ ಮುಚ್ಚಳ ಹಾಕಿದವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ರಂಧ್ರವಿಲ್ಲದ ಮುಚ್ಚಳ ಕೆಲವು ಮಾದರಿಗಳಿಗೆ ಮಾತ್ರ ಸರಿ, ಅವುಗಳಲ್ಲಿ ಗಾಳಿಗೆ ಬೇರೆ ಕೊಳವೆ ಇರುತ್ತದೆ.

ಮುಚ್ಚಳ ಮತ್ತೆ ಹಾಕಿ ಬಾನೆಟ್ ಎತ್ತಿ. ಪೆಟ್ರೋಲ್ ವಾಸನೆ ದಟ್ಟವಾಗಿದ್ದರೆ ಅಥವಾ ಎಲ್ಲಾದರೂ ಒದ್ದೆ ಕಂಡರೆ ಕಿಡಿ ಪರೀಕ್ಷೆಯನ್ನು ಮರೆತುಬಿಡಿ. ಸೋರಿಕೆ ಮೊದಲು ನಿಲ್ಲಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಈಗ ಕಿಡಿ. 1ನೇ ಸಿಲಿಂಡರ್, ಅಂದರೆ ರೇಡಿಯೇಟರ್ ಪಕ್ಕದ್ದರ ತಂತಿ ಕಿತ್ತು ಅದಕ್ಕೆ ಒಂದು ಬಿಡಿ ಪ್ಲಗ್ ಸಿಕ್ಕಿಸಿ. ಪ್ಲಗ್‌ನ ಲೋಹದ ಮೈ ಎಂಜಿನ್‌ನ ಬರಿಯ ಲೋಹಕ್ಕೆ ತಾಗುವಂತೆ ಜಂಪರ್ ತಂತಿಯಿಂದ ಕಟ್ಟಿ. ಕೈಯಲ್ಲಿ ಹಿಡಿಯಬೇಡಿ, ಎಲೆಕ್ಟ್ರಾನಿಕ್ ವ್ಯವಸ್ಥೆಯ ಏಟು ನೆನಪಿಟ್ಟುಕೊಳ್ಳುವಂಥದ್ದು. ಇನ್ನೊಬ್ಬರು ಸ್ಟಾರ್ಟರ್ ತಿರುಗಿಸಲಿ. ನೀಲಿ ಬಣ್ಣದ, ‘ಟಕ್ ಟಕ್’ ಎಂದು ಸದ್ದು ಮಾಡುವ ಕಿಡಿ ಬಂದರೆ ಪೆಟ್ರೋಲ್ ಕಡೆ ಹೋಗಿ. ಕಿತ್ತಳೆ ಬಣ್ಣದ ಬಡಕಲು ಎಳೆ ಬಂದರೆ, ಅಥವಾ ಏನೂ ಬಾರದಿದ್ದರೆ, ಕಾಯಿಲ್‌ನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರ್‌ನಿಂದ ಕಿತ್ತು ನೇರವಾಗಿ ಅದೇ ಪ್ಲಗ್‌ಗೆ ಕೊಡಿ. ಅಲ್ಲಿ ಒಳ್ಳೆಯ ಕಿಡಿ ಇದ್ದು ಸಿಲಿಂಡರ್ ತಂತಿಯಲ್ಲಿ ಇಲ್ಲವೆಂದರೆ ಕಳ್ಳ ರೋಟರ್ (ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತ ಕಿಡಿ ಹಂಚುವ ತುಂಡು) ಅಥವಾ ಮುಚ್ಚಳ. ಅಲ್ಲೂ ಇಲ್ಲವೆಂದರೆ ಕಾಯಿಲ್, ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ, ಕತ್ತರಿಸುವ ವ್ಯವಸ್ಥೆ.

ಮುಂದಿನ ಹೆಜ್ಜೆಗೆ 12 ವೋಲ್ಟ್‌ನ ಒಂದು ಪುಟ್ಟ ಬಲ್ಬ್ ಸಾಕು. ಅದರ ಒಂದು ತುದಿ ಎಂಜಿನ್ ಲೋಹಕ್ಕೆ, ಇನ್ನೊಂದು ಕಾಯಿಲ್‌ನ ಧನ ತುದಿಗೆ. ಬ್ರಿಟಿಷ್ ತಂತಿಬಣ್ಣದ ಲೆಕ್ಕದಲ್ಲಿ ಇಗ್ನಿಷನ್ ಸ್ವಿಚ್‌ನಿಂದ ಅಲ್ಲಿಗೆ ಬರುವುದು ಬಿಳಿ ತಂತಿ. ಬೆಳಗದಿದ್ದರೆ ದೋಷ ಸ್ವಿಚ್‌ನಿಂದ ಇಲ್ಲಿಯವರೆಗಿನ ದಾರಿಯಲ್ಲಿದೆ. ಸವೆದ ಇಗ್ನಿಷನ್ ಸ್ವಿಚ್ ಬಿಸಿಯಾದಾಗ ಕೈಬಿಡುವುದು ಅಪರೂಪವೇನಲ್ಲ. ಬೆಳಗಿದರೆ ಬಲ್ಬನ್ನು ಋಣ ತುದಿಗೆ, ಅಂದರೆ ಕಪ್ಪು ಗೆರೆಯ ಬಿಳಿ ತಂತಿ ಇರುವಲ್ಲಿಗೆ, ತಾಗಿಸಿ ಸ್ಟಾರ್ಟರ್ ತಿರುಗಿಸಿ. ಬಲ್ಬ್ ಮಿಟುಕಬೇಕು. ಮಿಟುಕಿದರೂ ಕಿಡಿ ಇಲ್ಲವೆಂದರೆ ಕಾಯಿಲ್, ಇಲ್ಲವೇ ಪಾಯಿಂಟ್‌ಗಳ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್. ಬೆಳಗಿಯೇ ಉಳಿದರೆ ಪಾಯಿಂಟ್ ಅಥವಾ ಮಾಡ್ಯೂಲ್ ಮುಚ್ಚುತ್ತಿಲ್ಲ. ಬೆಳಗದೇ ಉಳಿದರೆ ಅವು ತೆರೆಯುತ್ತಿಲ್ಲ, ಇಲ್ಲವೇ ಕಾಯಿಲ್‌ನ ಒಳಸುತ್ತು ಕಡಿದಿದೆ.

1960ರ ದಶಕದ ಬಹುತೇಕ ಮಿನಿಗಳಲ್ಲಿ ಬ್ಯಾಟರಿಯ ಧನ ತುದಿಯೇ ಮೈಗೆ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ. ಅಂಥ ಕಾರಿನಲ್ಲಿ ಮೇಲಿನ ಧನ, ಋಣಗಳನ್ನು ತಿರುಗಿಸಿ ಓದಿಕೊಳ್ಳಿ. ಎಲೆಕ್ಟ್ರಾನಿಕ್ ಮಾಡ್ಯೂಲ್ ಕೊಳ್ಳುವಾಗಲಂತೂ ಇದನ್ನು ಎರಡು ಸಲ ನೋಡಿ; ತಿರುಗುಮುರುಗಾಗಿ ಜೋಡಿಸಿದರೆ ಅದು ದೂರು ಹೇಳಲೂ ಉಳಿಯುವುದಿಲ್ಲ.

ಕೊನೆಯದಾಗಿ ಕಾಯಿಲ್ ಮೇಲೆ ಕೈಯಿಟ್ಟು ನೋಡಿ. ಮಿನಿಯ ಬಾನೆಟ್ ಅಡಿಯಲ್ಲಿ ಎಲ್ಲವೂ ಬಿಸಿಯೇ, ಆದರೆ ಮೂರು ಸೆಕೆಂಡ್ ಕೂಡ ಹಿಡಿಯಲಾಗದ ಕಾಯಿಲ್ ಶಂಕಿತರ ಪಟ್ಟಿಯ ಮೊದಲಿಗೆ ಬರುತ್ತದೆ.

ಕಾಯಿಲ್: ಇಲ್ಲಿ ಸ್ವಲ್ಪ ನಿಲ್ಲೋಣ

ಮಾರ್ಪಡಿಸಿದ ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಜೋಡಿಸುವ ಭಾಗ ಇದೇ ಎಂಬುದು ನನ್ನ ಅನಿಸಿಕೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಲ್‌ಗಳೂ ಒಂದೇ ಡಬ್ಬಿ. ಒಳಗೆ ಎರಡು ಕುಲ. ಒಂದು, ಬ್ಯಾಟರಿಯ ಪೂರ್ತಿ 12 ವೋಲ್ಟ್‌ಗೆ ಮಾಡಿದ್ದು. ಅದರ ಎರಡು ಸಣ್ಣ ತುದಿಗಳ ನಡುವೆ ಸುಮಾರು 3 ಓಮ್ ಪ್ರತಿರೋಧ. ಇನ್ನೊಂದು ಬ್ಯಾಲಸ್ಟ್ ಕಾಯಿಲ್, ಸುಮಾರು 1.5 ಓಮ್. ಎರಡನೆಯದಕ್ಕೆ ದಾರಿಯಲ್ಲೇ ಬ್ಯಾಲಸ್ಟ್ ಎಂಬ ಇನ್ನೊಂದು ಪ್ರತಿರೋಧ ಇರಬೇಕು. ನಂತರದ ಮಾದರಿಗಳಲ್ಲಿ ಅದು ಪ್ರತ್ಯೇಕ ಭಾಗವಾಗಿ ಕಾಣುವುದೂ ಇಲ್ಲ, ತಂತಿಕಟ್ಟಿನೊಳಗೆ ಹುದುಗಿಸಿದ ಪ್ರತಿರೋಧ ತಂತಿಯಾಗಿರುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ ಇಳಿಯುತ್ತದಲ್ಲ, ಆಗ ಸೊಲೆನಾಯ್ಡ್‌ನಿಂದ ಬರುವ ಇನ್ನೊಂದು ತಂತಿ ಆ ಪ್ರತಿರೋಧವನ್ನು ಬಳಸಿಹೋಗಿ ಕಾಯಿಲ್‌ಗೆ ಪೂರ್ತಿ ವಿದ್ಯುತ್ ಕೊಡುತ್ತದೆ. ಚಳಿಯಲ್ಲಿ ಸುಲಭವಾಗಿ ಸ್ಟಾರ್ಟ್ ಆಗಲೆಂದು ಮಾಡಿದ ಜಾಣ ಏರ್ಪಾಡು.

ಈಗ ಈ ಎರಡನ್ನು ಅದಲುಬದಲು ಮಾಡಿ ನೋಡಿ. ಬ್ಯಾಲಸ್ಟ್ ಇರುವ ಕಾರಿಗೆ 3 ಓಮ್ ಕಾಯಿಲ್ ಹಾಕಿದರೆ ಕಿಡಿ ಬಡವಾಗುತ್ತದೆ, ಅಷ್ಟೇ. ಬ್ಯಾಲಸ್ಟ್ ಇಲ್ಲದ ಕಾರಿಗೆ 1.5 ಓಮ್ ಕಾಯಿಲ್ ಹಾಕಿದರೆ ಮೊದಲಿಗೆ ಖುಷಿಯಾಗುತ್ತದೆ: ಕಿಡಿ ದಪ್ಪ, ಎಂಜಿನ್ ಚುರುಕು. ಎಂಜಿನ್ ಓಡುವಾಗ ವ್ಯವಸ್ಥೆಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. 3 ಓಮ್‌ನಲ್ಲಿ ಅದು ಹೆಚ್ಚೆಂದರೆ 4.7 ಆಂಪಿಯರ್ ಹರಿಸುತ್ತದೆ, 1.5 ಓಮ್‌ನಲ್ಲಿ 9 ಆಂಪಿಯರ್ ಮೀರುತ್ತದೆ. ಪಾಯಿಂಟ್ ಇದ್ದರೆ ಅದರ ಮುಖ ನೀಲಿಗಟ್ಟಿ ಸುಡುತ್ತದೆ, ಮಾಡ್ಯೂಲ್ ಇದ್ದರೆ ಅದೂ ಬೇಯುತ್ತದೆ. ಕಾಯಿಲ್ ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ, ಎಲ್ಲೋ ಒಂದು ದುರ್ಬಲ ಬೆಸುಗೆ ಬಿಟ್ಟುಕೊಂಡು, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಕಾಯಿಲೆಯ ಒಳಗುಟ್ಟು ಇದು.

ನಿಮ್ಮ ಕಾರಿನಲ್ಲಿ ಬ್ಯಾಲಸ್ಟ್ ಇದೆಯೇ ಎಂದು ತಿಳಿಯುವ ಪರೀಕ್ಷೆಯಲ್ಲಿ ಒಂದು ಮೋಸವಿದೆ, ನಾನು ಅದಕ್ಕೆ ಬಿದ್ದೆ. ಇಗ್ನಿಷನ್ ಹಾಕಿ ಕಾಯಿಲ್‌ನ ಧನ ತುದಿಯಲ್ಲಿ ಮೀಟರ್ ಹಿಡಿದೆ, 12 ವೋಲ್ಟ್ ಬಂತು, ‘ಬ್ಯಾಲಸ್ಟ್ ಇಲ್ಲ’ ಎಂದು ತೀರ್ಮಾನಿಸಿದೆ. ತೀರ್ಮಾನ ಸರಿಯೇ ಆಗಿತ್ತು, ಆದರೆ ಅದೃಷ್ಟದಿಂದ. ಪಾಯಿಂಟ್ ತೆರೆದಿದ್ದರೆ ವಿದ್ಯುತ್ ಹರಿಯುವುದೇ ಇಲ್ಲ. ಹರಿಯದಿದ್ದರೆ ಪ್ರತಿರೋಧ ಇದ್ದರೂ ವೋಲ್ಟೇಜ್ ಇಳಿಯುವುದಿಲ್ಲ. ಬ್ಯಾಲಸ್ಟ್ ಇರಲಿ ಬಿಡಲಿ, ಮೀಟರ್ 12 ತೋರಿಸುತ್ತದೆ. ಪಾಯಿಂಟ್ ಮುಚ್ಚಿದ್ದಾಗ, ಅಥವಾ ಕಾಯಿಲ್‌ನ ಋಣ ತುದಿಯನ್ನು ಕೆಲವೇ ಸೆಕೆಂಡ್ ತಂತಿಯಿಂದ ಎಂಜಿನ್ ಲೋಹಕ್ಕೆ ಸೇರಿಸಿ, ಅಳೆಯಬೇಕು. ಆಗ 6ರಿಂದ 8 ವೋಲ್ಟ್ ಬಂದರೆ ಬ್ಯಾಲಸ್ಟ್ ಇದೆ. ಬ್ಯಾಟರಿಗೆ ಹತ್ತಿರದ ಅಂಕಿ ಬಂದರೆ ಇಲ್ಲ.

ಕಾಯಿಲ್‌ನ ಓಮ್ ಅಳೆಯುವಾಗ ಎಲ್ಲ ತಂತಿ ಕಳಚಿ. ಮೀಟರ್‌ನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಿರಿ; ಅಗ್ಗದ ಮೀಟರ್‌ನ ತಂತಿಗಳೇ ಅರ್ಧ ಓಮ್ ನುಂಗುತ್ತವೆ, ಒಂದೂವರೆಯನ್ನು ಎರಡೆಂದು ಓದಿ ಗೊಂದಲಕ್ಕೆ ಬೀಳುತ್ತೀರಿ. ಆಮೇಲೆ ಧನ ತುದಿಯಿಂದ ನಡುವಿನ ದಪ್ಪ ತೂತಿಗೆ ಅಳೆಯಿರಿ, ಸಾಮಾನ್ಯವಾಗಿ ಕೆಲವು ಸಾವಿರ ಓಮ್ ಇರುತ್ತದೆ. ಎರಡನ್ನೂ ತಣ್ಣಗಿರುವಾಗ ಒಮ್ಮೆ, ನಿಂತ ತಕ್ಷಣ ಒಮ್ಮೆ ಅಳೆದು ಬರೆದಿಡಿ. ತಾಮ್ರ ಬಿಸಿಯಾದಾಗ ಪ್ರತಿರೋಧ ಕಾಲು ಪಾಲು ಏರುವುದು ಸಹಜ. ಅಂಕಿಯೇ ಬಾರದಿರುವುದು ಸಹಜವಲ್ಲ.

ಮೀಟರ್ ಇಲ್ಲದವರಿಗೆ ಒದ್ದೆ ಬಟ್ಟೆ ಇದೆ. ಇಗ್ನಿಷನ್ ಆರಿಸಿ, ಕಾಯಿಲ್‌ನ ಮೈಗೆ ಮಾತ್ರ, ತುದಿಗಳಿಗೆ ನೀರು ತಾಗದಂತೆ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ಉಳಿದ ಎಂಜಿನ್ ಬಿಸಿಯಾಗಿಯೇ ಇರಲಿ. ನಾನು ಸುತ್ತಿದಾಗ ಬಟ್ಟೆಯಿಂದ ಹಬೆ ಎದ್ದಿತು. ಎರಡು ಸಲ ಬಟ್ಟೆ ಬದಲಿಸಿ, ಮೂರು ನಿಮಿಷ ಕಳೆದು ಕೀಲಿ ತಿರುಗಿಸಿದೆ. ಅರ್ಧ ಗಂಟೆ ಕಾಯಿಸುತ್ತಿದ್ದ ಕಾರು ಮೊದಲ ಸುತ್ತಿಗೇ ಹಿಡಿಯಿತು.

ಕಿಡಿಯ ಕಡೆಯ ಉಳಿದ ಶಂಕಿತರು

ಕಂಡೆನ್ಸರ್: ಬಿಸಿಯಲ್ಲಿ ಸೋಲುವುದು ಇದರ ಹುಟ್ಟುಗುಣ. ಪಾಯಿಂಟ್‌ಗಳ ನಡುವೆ ದೊಡ್ಡ ನೀಲಿ ಕಿಡಿ ಹಾರುತ್ತಿದ್ದರೆ ಬದಲಿಸಿ. ಹೊಸದೆಲ್ಲ ಒಳ್ಳೆಯದೆಂದು ನಂಬಬೇಡಿ. ಓಡುತ್ತಿದ್ದ ಹಳೆಯದನ್ನು ಎಸೆಯದೆ ಡಬ್ಬಿಯಲ್ಲಿಡಿ.

ರೋಟರ್‌ನ ಪರೀಕ್ಷೆ ಸ್ವಾರಸ್ಯದ್ದು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಕಾಯಿಲ್‌ನ ದಪ್ಪ ತಂತಿಯ ತುದಿಯನ್ನು ಇನ್ಸುಲೇಷನ್ ಇರುವ ಇಕ್ಕಳದಿಂದ ರೋಟರ್‌ನ ನಡುವಿನ ಹಿತ್ತಾಳೆಗೆ ಮೂರು ನಾಲ್ಕು ಮಿಲಿಮೀಟರ್ ಮೇಲೆ ಹಿಡಿದು ಸ್ಟಾರ್ಟರ್ ತಿರುಗಿಸಿ. ರೋಟರ್ ಆರೋಗ್ಯವಾಗಿದ್ದರೆ ಕಿಡಿಗೆ ಹೋಗಲು ದಾರಿಯಿಲ್ಲ, ಹಾರುವುದಿಲ್ಲ. ಪಟಪಟ ಹಾರಿದರೆ ರೋಟರ್ ಪ್ಲಾಸ್ಟಿಕ್ ಒಳಗಿನ ಬಿರುಕಿನಿಂದ, ಸಾಮಾನ್ಯವಾಗಿ ಹಿತ್ತಾಳೆ ಹಿಡಿದಿರುವ ರಿವೆಟ್ ಮೂಲಕ, ಕಿಡಿ ಕೆಳಗಿನ ದಂಡಕ್ಕೆ ಸೋರುತ್ತಿದೆ. ರಿವೆಟ್ ಇಲ್ಲದ, ಅಚ್ಚಿನಲ್ಲೇ ಹಿತ್ತಾಳೆ ಕೂರಿಸಿದ ರೋಟರ್ ಹಾಕಿ.

ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ಮೆದು ತಂತಿಗಳಿವೆ, ಒಂದು ಕಾಯಿಲ್‌ನಿಂದ ಬರುವುದು, ಇನ್ನೊಂದು ಪಾಯಿಂಟ್ ಕೂರುವ ತಟ್ಟೆಯನ್ನು ಮೈಗೆ ಸೇರಿಸುವುದು. ಎಂಜಿನ್ನಿನ ಹೀರುವಿಕೆ (ವ್ಯಾಕ್ಯೂಮ್) ಆ ತಟ್ಟೆಯನ್ನು ಎಳೆದಾಗಲೆಲ್ಲ ಇವು ಬಾಗುತ್ತವೆ. ವರ್ಷಗಳ ನಂತರ ಹೊದಿಕೆಯೊಳಗೇ ತುಂಡಾಗಿ ಹೊದಿಕೆ ಮಾತ್ರ ಹಿಡಿದುಕೊಂಡಿರುತ್ತದೆ. ವ್ಯಾಕ್ಯೂಮ್ ಕೊಳವೆ ಕಳಚಿ ಬಾಯಿ ಮುಚ್ಚಿ ಓಡಿಸಿದಾಗ ದೋಷ ಮಾಯವಾದರೆ ಅಲ್ಲಿ ನೋಡಿ.

ಇನ್ನೊಂದು, ಎಂಜಿನ್ನನ್ನು ಕಾರಿನ ಮೈಗೆ ಸೇರಿಸುವ ಅರ್ತ್ ಪಟ್ಟಿ. ಎಂಜಿನ್ ಇಳಿಸಿ ಹತ್ತಿಸಿದವರು ಇದನ್ನು ಮರೆಯುವುದುಂಟು. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ವಿದ್ಯುತ್ ಬೇರೆ ದಾರಿ ಹುಡುಕಿಕೊಂಡು ಚೋಕ್ ಕೇಬಲ್ ಮೂಲಕ ಹರಿಯುತ್ತದೆ. ಸ್ಟಾರ್ಟರ್ ತಿರುಗುವಾಗ ಚೋಕ್ ಹಿಡಿ ಬಿಸಿಯಾದರೆ ಅದು ಎಂಜಿನ್ ಶಾಖವಲ್ಲ. ಸ್ಟಾರ್ಟರ್ ತಿರುಗುವಾಗ ಎಂಜಿನ್ ಲೋಹಕ್ಕೂ ಕಾರಿನ ಮೈಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಪಟ್ಟಿಯನ್ನು ಬದಲಿಸಿ, ಅದು ಕೂರುವ ಜಾಗದ ಬಣ್ಣ ಕೆರೆದು ಬಿಗಿಯಿರಿ. ಹೊಸ ಪೇಂಟ್ ಹೊಡೆಸಿದ ಕಾರುಗಳಲ್ಲಿ ಈ ಕೆರೆಯುವ ಕೆಲಸಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಕಿಡಿ ಚೆನ್ನಾಗಿದ್ದರೆ

ಕಾರ್ಬ್ಯುರೇಟರ್‌ಗೆ ಬರುವ ಪೆಟ್ರೋಲ್ ಕೊಳವೆ ಕಳಚಿ ಉದ್ದ ರಬ್ಬರ್ ನಳಿಕೆಯಿಂದ ಒಂದು ಲೋಹದ ಡಬ್ಬಿಗೆ ಬಿಡಿ. ಡಬ್ಬಿ ಎಕ್ಸಾಸ್ಟ್‌ನಿಂದ ದೂರ ಇರಲಿ, ಕಾಯಿಲ್‌ನ ಬಿಳಿ ತಂತಿ ಕಳಚಿರಲಿ. ಎಂಜಿನ್ ಬೆನ್ನಿಗಿರುವ ಯಾಂತ್ರಿಕ ಪಂಪ್ ಆದರೆ ಸ್ಟಾರ್ಟರ್ ತಿರುಗಿಸಿದಾಗ ಎರಡು ಸುತ್ತಿಗೊಮ್ಮೆ ಚಿಮ್ಮಬೇಕು. ಹಳೆಯ ಮಾದರಿಗಳ ವಿದ್ಯುತ್ ಪಂಪ್ ಹಿಂದೆ, ಕಾರಿನ ಅಡಿಯಲ್ಲಿದೆ. ಇಗ್ನಿಷನ್ ಹಾಕಿದರೆ ಸಾಕು, ಟಿಕ್ ಟಿಕ್ ಎನ್ನುತ್ತ ಹರಿಸಬೇಕು. ಗುಳ್ಳೆಗಳ ಜೊತೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಕುದಿಯುತ್ತಿದೆ.

ಮಾರ್ಪಡಿಸಿದ ಕಾರಿನಲ್ಲಿ ಇಲ್ಲಿ ನೋಡಬೇಕಾದ್ದು ಎರಡೇ. ಅಂದಕ್ಕೆಂದು ಎಕ್ಸಾಸ್ಟ್ ಪಕ್ಕದಲ್ಲೇ ತೂಗುಹಾಕಿದ ಪ್ಲಾಸ್ಟಿಕ್ ಫಿಲ್ಟರ್, ಮತ್ತು ಉದ್ದ ಕವಲಿನ ಎಕ್ಸಾಸ್ಟ್ ಹಾಕುವಾಗ ಅಡ್ಡ ಬರುತ್ತದೆಂದು ಎಸೆದ ಶಾಖತಡೆ ತಗಡು. ಫಿಲ್ಟರನ್ನು ಲೋಹದ್ದಕ್ಕೆ ಬದಲಿಸಿ ತಣ್ಣಗಿನ ಜಾಗಕ್ಕೆ ಸರಿಸಿ, ತಗಡನ್ನು ಮತ್ತೆ ಹಾಕಿ. ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ರಬ್ಬರ್ ನಳಿಕೆ ಒಳಗಿನಿಂದ ಉಬ್ಬುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಎಥನಾಲ್ ತಾಳುವ ನಳಿಕೆ ಹಾಕುವುದು ಹೇಗೂ ಒಳ್ಳೆಯದು. ಎಸ್‌ಯು ಕಾರ್ಬ್ಯುರೇಟರ್‌ನ ಮೇಲಿನ ಗುಮ್ಮಟದಲ್ಲಿ ಎಣ್ಣೆ ಕಡಿಮೆಯಾದರೆ ವೇಗ ಹೆಚ್ಚಿಸುವಾಗ ತಡವರಿಸುತ್ತದೆ, ಆದರೆ ಅದರಿಂದ ಎಂಜಿನ್ ನಿಲ್ಲುವುದಿಲ್ಲ. ಅದನ್ನು ಬಿಚ್ಚುವ ಆಸೆ ತಡೆದುಕೊಳ್ಳಿ.

ನನ್ನ ಕಾರಿನಲ್ಲಿ ಸಿಕ್ಕಿದ್ದು

ಸ್ಪೋರ್ಟ್ಸ್ ಕಾಯಿಲ್ 1.5 ಓಮ್‌ನದು, ಕಾರಿನಲ್ಲಿ ಬ್ಯಾಲಸ್ಟ್ ಇಲ್ಲ. ತಣ್ಣಗಿದ್ದಾಗ ದಪ್ಪ ತೂತಿನ ಕಡೆ 9,000 ಓಮ್ ತೋರಿಸಿದ ಅದು, ನಿಂತ ತಕ್ಷಣ ಅಳೆದಾಗ ಯಾವ ಅಂಕಿಯನ್ನೂ ತೋರಿಸಲಿಲ್ಲ. ಡಬ್ಬಿಯ ಮೇಲೆ ಬ್ಯಾಲಸ್ಟ್ ಜೊತೆ ಬಳಸಬೇಕೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು; ಆ ಬದಿ ಗೋಡೆಗೆ ಮುಖಮಾಡುವಂತೆ ಕ್ಲಾಂಪ್ ಬಿಗಿದವನು ನಾನೇ.

3 ಓಮ್ ಕಾಯಿಲ್ ಹಾಕಿದೆ. ಅಷ್ಟು ದಿನ ಹೆಚ್ಚು ವಿದ್ಯುತ್ ಹೊತ್ತ ಮಾಡ್ಯೂಲನ್ನು ನಂಬದೆ ಪಾಯಿಂಟ್‌ಗಳಿಗೇ ಮರಳಿದೆ, ಅಂತರ 0.38 ಮಿಲಿಮೀಟರ್. ಪಾಯಿಂಟ್ ಅಂತರ ಬದಲಾದರೆ ಕಿಡಿ ಹಾರುವ ಕ್ಷಣ, ಅಂದರೆ ಟೈಮಿಂಗ್ ಕೂಡ ಜರಗುವುದರಿಂದ ಅದನ್ನೂ ಮತ್ತೆ ಹೊಂದಿಸಿದೆ. ಪ್ಲಾಸ್ಟಿಕ್ ಫಿಲ್ಟರ್ ತೆಗೆದೆ; ಅದು ತಪ್ಪಿತಸ್ಥ ಅಲ್ಲದಿದ್ದರೂ ಆಗಲು ಕಾದಿತ್ತು. ನಂತರದ ಮೊದಲ ಓಟ ಐವತ್ತು ನಿಮಿಷದ್ದು, ಲೈಟ್ ಇನ್ನೂ ವಿಂಡ್‌ಸ್ಕ್ರೀನ್‌ಗೆ ಅಂಟಿಕೊಂಡೇ ಇತ್ತು, ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ನಿಲ್ಲಿಸಿ ಕಾಯಿಲ್ ಮುಟ್ಟಿದೆ: ಬಿಸಿ, ಆದರೆ ಕೈಯಿಟ್ಟು ಹತ್ತರವರೆಗೆ ಎಣಿಸಬಹುದಾದಷ್ಟು.

ಹೊಸ ಕಾಯಿಲ್‌ನ ಕ್ಲಾಂಪ್‌ಗೆ ‘3 ಓಮ್, ಬ್ಯಾಲಸ್ಟ್ ಇಲ್ಲ’ ಎಂದು ಬರೆದ ತಗಡಿನ ಚೀಟಿ ಕಟ್ಟಿದ್ದೇನೆ, ಅಕ್ಷರ ಹೊರಗೆ ಕಾಣುವಂತೆ. ಕಿತ್ತುಹಾಕಿದ್ದ ಹಳೆಯ ಪೆಟ್ರೋಲ್ ಪಂಪ್ ಈಗ ಬಿಡಿಭಾಗಗಳ ಡಬ್ಬಿಯಲ್ಲಿದೆ. ಮೊನ್ನೆ ತೆಗೆದು ಹಿಡಿಯನ್ನು ಒತ್ತಿ ನೋಡಿದೆ, ಹೀರುವಿಕೆಯೂ ಚಿಮ್ಮುವಿಕೆಯೂ ಚೆನ್ನಾಗಿಯೇ ಇವೆ.